ಇಟ್ಟಿಗೆ ಎಣಿಸಿದ ಇಮಾಮರು ಮತ್ತು ಹಾಜರಿ ಪುಸ್ತಕ

ದೊಡ್ಡ ಕಟ್ಟಡವೊಂದನ್ನು ನೋಡಲು ಹೋದವರು ಗುಮ್ಮಟದ ಎತ್ತರ ಕೇಳುತ್ತಾರೆ, ಕಟ್ಟಿಸಿದ ಸುಲ್ತಾನನ ಹೆಸರು ಕೇಳುತ್ತಾರೆ. ಕಲ್ಲು ಹೊತ್ತವರಿಗೆ ಕೂಲಿ ಸರಿಯಾಗಿ ಸಿಕ್ಕಿತೇ, ಅದನ್ನು ಬರೆದಿಟ್ಟವರು ಯಾರು, ಇಟ್ಟಿಗೆಯ ಲೆಕ್ಕ ನೋಡಿಕೊಂಡವರು ಯಾರು ಎಂದು ಕೇಳುವವರು ಅಪರೂಪ. ನಮ್ಮ ಇತಿಹಾಸದ ಪಠ್ಯಗಳೂ ಅದನ್ನು ಕೇಳುವುದಿಲ್ಲ. ಆದರೆ ಕಟ್ಟಡವೊಂದು ಎದ್ದು ನಿಲ್ಲುವುದು ಸುಣ್ಣ ಗಾರೆಯಿಂದ ಮಾತ್ರವಲ್ಲ, ಲೆಕ್ಕದಿಂದಲೂ ಹೌದು. ಆ ಲೆಕ್ಕ ಯಾರ ಪರವಾಗಿ ಬರೆಯಲ್ಪಟ್ಟಿತು ಎಂಬುದರಲ್ಲಿ ಒಂದು ಸಮಾಜದ ನ್ಯಾಯಪ್ರಜ್ಞೆ ಅಡಗಿರುತ್ತದೆ. ಇದನ್ನು ತಿಳಿಯಲು ನಾವು ಬಗ್ದಾದಿನಿಂದ ಆರಂಭಿಸಬೇಕು.

ಬಗ್ದಾದಿನ ಇಟ್ಟಿಗೆ

ಕ್ರಿ.ಶ. 762ರಲ್ಲಿ ಅಬ್ಬಾಸೀ ಖಲೀಫ ಅಲ್‌ಮನ್ಸೂರ್ ಟೈಗ್ರಿಸ್ ನದಿಯ ದಂಡೆಯಲ್ಲಿ ವೃತ್ತಾಕಾರದ ಹೊಸ ರಾಜಧಾನಿಯನ್ನು ಕಟ್ಟಿಸತೊಡಗಿದ. ಸಾವಿರಾರು ಕೆಲಸಗಾರರು ಬಂದು ಸೇರಿದರು. ಖಲೀಫನಿಗೆ ಜನ ಇಟ್ಟ ಅಡ್ಡಹೆಸರು ‘ಅಬುದ್ದವಾನೀಕ್’. ದಾನಿಕ್ ಎಂದರೆ ದಿರ್ಹಮಿನ ಆರನೆಯ ಒಂದು ಪಾಲು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಕಾಸಿನಪ್ಪ’. ಮೇಸ್ತ್ರಿಗಳಿಂದಲೂ ಉಸ್ತುವಾರಿಗಳಿಂದಲೂ ಕಾಸು ಕಾಸಿನ ಲೆಕ್ಕ ಕೇಳುತ್ತಿದ್ದುದರಿಂದ ಬಂದ ಹೆಸರು ಅದು.

ಇತಿಹಾಸಕಾರ ತಬರಿ ಇಂಥ ಹಲವು ಪ್ರಸಂಗಗಳನ್ನು ದಾಖಲಿಸಿದ್ದಾನೆ. ಕೆಲಸ ಮುಗಿದ ಮೇಲೆ ಖಲೀಫ ಒಬ್ಬೊಬ್ಬ ಉಸ್ತುವಾರಿಯನ್ನೂ ಕರೆದು ಲೆಕ್ಕ ಒಪ್ಪಿಸಿಕೊಂಡನಂತೆ. ಒಬ್ಬನಲ್ಲಿ 15 ದಿರ್ಹಮ್ ಉಳಿದಿತ್ತು, ಅದನ್ನು ಒಪ್ಪಿಸುವವರೆಗೆ ಅವನಿಗೆ ಸೆರೆಮನೆಯೇ ಗತಿಯಾಯಿತು. ಇನ್ನೊಂದು ಪ್ರಸಂಗ ಮತ್ತೂ ಸ್ವಾರಸ್ಯಕರ. ಒಂದು ಕಮಾನಿಗೆ ನಿಜವಾಗಿ ಎಷ್ಟು ಖರ್ಚು ತಗಲುತ್ತದೆಂದು ತಿಳಿಯಲು ಖಲೀಫ ಕಸುಬುದಾರನೊಬ್ಬನನ್ನು ಕರೆಸಿ ತನ್ನ ಕಣ್ಣೆದುರಿಗೇ ಒಂದು ಕಮಾನು ಕಟ್ಟಿಸಿದ. ಇಟ್ಟಿಗೆ, ಗಾರೆ, ಕೂಲಿ ಎಲ್ಲವನ್ನೂ ಲೆಕ್ಕ ಹಾಕಿಸಿ ಅದನ್ನೇ ದರವನ್ನಾಗಿ ಹಿಡಿದು ಉಸ್ತುವಾರಿಯ ಹಳೆಯ ಲೆಕ್ಕದೊಂದಿಗೆ ತಾಳೆ ನೋಡಿದ. ಹೆಚ್ಚಾಗಿ ತೋರಿಸಲಾಗಿದ್ದ ಆರು ಸಾವಿರಕ್ಕೂ ಮಿಕ್ಕ ದಿರ್ಹಮ್ ಹಿಂದಕ್ಕೆ ಬಂತು. ಇಂದು ನಮ್ಮ ಲೋಕೋಪಯೋಗಿ ಇಲಾಖೆ ‘ದರಪಟ್ಟಿ’ ಎಂದು ಕರೆಯುವುದರ ತಿರುಳು ಇದೇ ಅಲ್ಲವೇ?

ಈ ನಗರದ ನಿರ್ಮಾಣದಲ್ಲಿ ನಮಗೆ ಚಿರಪರಿಚಿತರಾದ ಒಬ್ಬರ ಹೆಸರೂ ಬರುತ್ತದೆ. ಅವರು ಇಮಾಮ್ ಅಬೂ ಹನೀಫಾ(ರ). ಖಲೀಫ ಅವರಿಗೆ ಖಾಝಿ ಹುದ್ದೆಯನ್ನು ಒಪ್ಪಿಕೊಳ್ಳಲು ಹೇಳಿದ, ಇಮಾಮರು ನಿರಾಕರಿಸಿದರು. ಒಪ್ಪಿಸಿಯೇ ತೀರುತ್ತೇನೆಂದು ಅವನು ಆಣೆ ಮಾಡಿದರೆ, ಒಪ್ಪುವುದಿಲ್ಲವೆಂದು ಇವರೂ ಆಣೆ ಮಾಡಿದರು. ಕೊನೆಗೆ ತನ್ನ ಆಣೆ ಸುಳ್ಳಾಗಬಾರದೆಂದು ಖಲೀಫ ಅವರಿಗೆ ನಗರ ನಿರ್ಮಾಣದ ಕೆಲಸವನ್ನು, ಇಟ್ಟಿಗೆ ಮಾಡಿಸಿ ಎಣಿಸುವ ಹೊಣೆಯನ್ನು ವಹಿಸಿದನೆಂದು ತಬರಿಯ ಒಂದು ವರದಿ ಹೇಳುತ್ತದೆ. ಇಟ್ಟಿಗೆಗಳನ್ನು ಒಂದೊಂದಾಗಿ ಎಣಿಸುತ್ತಾ ಕೂರುವ ಬದಲು ಇಮಾಮರು ಅಳತೆಯ ಬಿದಿರುಗೋಲು ಹಿಡಿದು ರಾಶಿಯನ್ನೇ ಅಳೆದರು. ಸಮನಾದ ಇಟ್ಟಿಗೆಗಳನ್ನು ಒಪ್ಪವಾಗಿ ಪೇರಿಸಿದರೆ ಉದ್ದ, ಅಗಲ, ಎತ್ತರಗಳಿಂದಲೇ ಸಂಖ್ಯೆ ಸಿಗುತ್ತದೆ. ಈ ಕ್ರಮವನ್ನು ಮೊದಲು ತಂದವರು ಅವರೇ ಎಂಬ ಮಾತಿದೆ. ಉತ್ತರ ಕರ್ನಾಟಕದಲ್ಲಿ ಮರಳು, ಜಲ್ಲಿಯನ್ನು ‘ಬ್ರಾಸ್’ ಲೆಕ್ಕದಲ್ಲಿ ಅಳೆಯುವವರು, ಅಂದರೆ 100 ಘನ ಅಡಿಗೆ ಒಂದು ಬ್ರಾಸ್ ಎನ್ನುವವರು, ಅನುಸರಿಸುವುದೂ ಇದೇ ತತ್ವವನ್ನು.

ಮುಂದೆ ಬಗ್ದಾದಿನ ಹಳೆಯ ಗೋಡೆಯೊಂದರ ಭಾಗವನ್ನು ಕೆಡವಿದಾಗ ಸಿಕ್ಕ ಇಟ್ಟಿಗೆಯೊಂದರ ಮೇಲೆ ಕಾವಿಯಿಂದ ‘117 ರತಲ್’ ಎಂದು ತೂಕ ಬರೆದಿತ್ತಂತೆ. ತೂಗಿ ನೋಡಿದರೆ ಅಷ್ಟೇ ಇತ್ತು. ಗೋಡೆಯ ಒಳಗೆ ಹೂತು ಹೋಗುವ, ಯಾರ ಕಣ್ಣಿಗೂ ಬೀಳದ ಇಟ್ಟಿಗೆಯ ಮೇಲೂ ಸುಳ್ಳು ಬರೆದಿರಲಿಲ್ಲ. ಅಮಾನತ್ ಎಂಬ ಪದದ ಅರ್ಥ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋಚುತ್ತಿಲ್ಲ.

ಆದರೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಮನ್ಸೂರನ ಲೆಕ್ಕ ಖಜಾನೆಯ ಲೆಕ್ಕ. ದೊರೆಯ ಒಂದು ಕಾಸೂ ಸೋರಬಾರದು ಎಂಬುದೇ ಅದರ ಚಿಂತೆ. ಕಲ್ಲು ಹೊತ್ತವನ ಕಾಸು ಸೋರಿತೇ ಎಂದು ಅದು ಕೇಳುವುದಿಲ್ಲ.

ಹೆಸರು ಉಳಿದವರು

ಆಳುಗಳ ಲೆಕ್ಕ ನಮಗೆ ವಿವರವಾಗಿ ಸಿಗುವುದು ಎಂಟು ಶತಮಾನಗಳ ನಂತರ, ಇಸ್ತಾಂಬುಲಿನಲ್ಲಿ. ವಾಸ್ತುಶಿಲ್ಪಿ ಸಿನಾನ್ 1550ರಿಂದ 1557ರವರೆಗೆ ಕಟ್ಟಿದ ಸುಲೈಮಾನಿಯಾ ಮಸೀದಿ ಮತ್ತು ಅದರ ಸುತ್ತಲಿನ ಮದ್ರಸ, ಆಸ್ಪತ್ರೆ, ಅನ್ನಛತ್ರಗಳ ಲೆಕ್ಕದ ಪುಸ್ತಕಗಳು ಉಳಿದು ಬಂದಿವೆ. ತುರ್ಕಿಯ ಇತಿಹಾಸಕಾರ ಉಮರ್ ಲುತ್ಫಿ ಬರ್ಕಾನ್ ಅವುಗಳನ್ನು ಓದಿ 1970ರ ದಶಕದಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು.

ಆ ಪುಸ್ತಕಗಳಲ್ಲಿ ಸುಮಾರು 3,500 ಕಸುಬುದಾರರ ಲೆಕ್ಕವಿದೆ. ಯಾರು ಯಾವ ಊರಿನವರು, ಯಾವ ಕಸುಬಿನವರು, ಯಾವ ಧರ್ಮದವರು ಎಂಬ ವಿವರವಿದೆ. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಕ್ರೈಸ್ತರು! ಉಸ್ಮಾನಿಯಾ ಸಾಮ್ರಾಜ್ಯದ ಅತ್ಯಂತ ಭವ್ಯ ಮಸೀದಿಗಳಲ್ಲೊಂದು ಎದ್ದದ್ದು ಎರಡು ಧರ್ಮದವರ ಬೆವರಿನಿಂದ. ಇದನ್ನು ಹೇಳುತ್ತಿರುವುದು ಯಾವುದೇ ಸೌಹಾರ್ದ ಭಾಷಣವಲ್ಲ, ಕೂಲಿಯ ಪಟ್ಟಿ.

ಅದೇ ಪಟ್ಟಿ ಕಹಿ ಸತ್ಯವನ್ನೂ ಮುಚ್ಚಿಡುವುದಿಲ್ಲ. ಒಟ್ಟು ಸುಮಾರು 27 ಲಕ್ಷ ಆಳುದಿನಗಳಲ್ಲಿ ಶೇ. 55ರಷ್ಟು ಕೂಲಿ ಪಡೆದ ಸ್ವತಂತ್ರ ಕೆಲಸಗಾರರದು. ಶೇ. 40ರಷ್ಟು ಸೈನ್ಯಕ್ಕೆಂದು ಸೇರಿಸಿಕೊಂಡಿದ್ದ ಎಳೆಯ ಹುಡುಗರದು. ಉಳಿದ ಶೇ. 5ರಷ್ಟು ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದ ಗುಲಾಮರದು. ಗುಮ್ಮಟದ ಕೆಳಗೆ ನಿಂತವರಿಗೆ ಇದು ಕಾಣಿಸುವುದಿಲ್ಲ. ಲೆಕ್ಕದ ಪುಸ್ತಕ ಉಳಿದಿದ್ದರಿಂದಲೇ ಗುಲಾಮನ ದುಡಿಮೆಯೂ ಚರಿತ್ರೆಯೊಳಗೆ ಬಂತು.

ಇದಕ್ಕೆ ಹೋಲಿಸಿದರೆ ತಾಜಮಹಲಿನ ಕಥೆ ಬೇರೆ. ಷಹಜಹಾನನ ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ 50 ಲಕ್ಷ ರೂಪಾಯಿ ಖರ್ಚನ್ನೂ, ಮಕ್ರಮತ್ ಖಾನ್, ಮೀರ್ ಅಬ್ದುಲ್ ಕರೀಮ್ ಎಂಬ ಇಬ್ಬರು ಮೇಲ್ವಿಚಾರಕರ ಹೆಸರನ್ನೂ ಹೇಳುತ್ತಾನೆ. ಕೂಲಿಯವರ ಪಟ್ಟಿ ಅವನಲ್ಲಿಲ್ಲ. ಪಟ್ಟಿ ಇಲ್ಲದ ಕಡೆ ದಂತಕಥೆ ಬೆಳೆಯುತ್ತದೆ. ಕೆಲಸಗಾರರ ಕೈ ಕಡಿಸಿದರೆಂಬ ಮಾತಿಗೆ ಯಾವ ಆಧಾರವೂ ಇಲ್ಲ, ಆದರೂ ಅದು ಊರೂರು ತಿರುಗುತ್ತಿದೆ.

ಬಿಜಾಪುರದ ಹೊನ್ನು

ನಮ್ಮ ನಾಡಿಗೆ ಬಂದರೆ ಬಿಜಾಪುರದ ಇಬ್ರಾಹಿಂ ರೋಜಾದ ಫಾರಸಿ ಶಾಸನವೊಂದು ಕಟ್ಟಡದ ಖರ್ಚನ್ನೇ ಕಲ್ಲಿನಲ್ಲಿ ಕೆತ್ತಿದೆ. ಒಂದೂವರೆ ಲಕ್ಷ ಹುನ್ನಿನ ಮೇಲೆ ಒಂಬೈನೂರು. ಆ ‘ಹುನ್’ ಬೇರೇನೂ ಅಲ್ಲ, ನಮ್ಮ ಹೊನ್ನೇ. ಫಾರಸಿಯ ಶಾಸನದೊಳಗೆ ಕನ್ನಡದ ಹೊನ್ನು ಕುಳಿತಿದೆ. ಇದಕ್ಕೂ ಮೊದಲು, 16ನೆಯ ಶತಮಾನದ ನಡುಭಾಗದಲ್ಲಿ, ಒಂದನೆಯ ಇಬ್ರಾಹಿಂ ಆದಿಲ್ ಷಹಾ ಸರಕಾರದ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶಭಾಷೆಗೆ ಬದಲಿಸಿ ಬ್ರಾಹ್ಮಣ ಲೆಕ್ಕಿಗರಿಗೆ ವಹಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

ಉರ್ದು, ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಈ ಕೊಡುಕೊಳ್ಳುವಿಕೆ ಪದಪದದಲ್ಲೂ ಕೇಳಿಸುತ್ತದೆ. ಜಮಾ, ಖರ್ಚು, ಬಾಕಿ, ರಖಮು, ವಸೂಲಿ, ಹಾಜರಿ, ತಪಶೀಲು, ದಫ್ತರ. ಇವು ಅರಬಿ, ಫಾರಸಿಯ ದಾರಿಯಿಂದ ಬಂದವು. ಮೇಸ್ತ್ರಿ, ಪಗಾರ ಪೋರ್ಚುಗೀಸರಿಂದ ಬಂದವು. ಕೂಲಿ, ಆಳು, ಗಾರೆ ನಮ್ಮವೇ. ಕಟ್ಟಡದ ಕೆಲಸ ನಡೆಯುವಲ್ಲಿ ಶನಿವಾರ ಸಂಜೆ ಬಟವಾಡೆಗೆ ನಿಂತವರು ಆಡುವ ಹತ್ತು ಮಾತಿನಲ್ಲಿ ನಾಲ್ಕು ನಾಡುಗಳ ಚರಿತ್ರೆ ಇರುತ್ತದೆ.

ಬರೆಯಬೇಕಾದವರು ಯಾರು?

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಅಲ್‌ಬಕರಾ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ಲೆಕ್ಕ ಬರೆಯುವುದು. ಅವಧಿಯ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಮೊತ್ತ ಚಿಕ್ಕದೆಂದು ಬೇಸರಿಸಬಾರದು, ಸಾಕ್ಷಿಗಳಿರಬೇಕು. ಬರೆಸಬೇಕಾದವನು ಋಣಿ, ಅಂದರೆ ಕೊಡಬೇಕಾದವನು. ಇದರಲ್ಲಿ ಆಳವಾದ ವಿವೇಕವಿದೆ. ದಿನವಿಡೀ ದುಡಿಸಿಕೊಂಡ ಯಜಮಾನನೇ ಸಂಜೆಗೆ ಋಣಿ. ಆದ್ದರಿಂದ ಬರೆದಿಡುವ ಹೊಣೆಯೂ ಅವನದೇ ಎಂದು ನಮಗೆ ತೋರುತ್ತದೆ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಆದೇಶವನ್ನು ತಿಳಿಯದ ಮುಸ್ಲಿಮನಿಲ್ಲ. ಆದರೆ ಕೊಟ್ಟದ್ದನ್ನು ಬರೆಯಬೇಕೆಂಬುದನ್ನು ನೆನಪಿಡುವವರು ಕಡಿಮೆ.

ಬರೆಯದಿದ್ದರೆ ಏನಾಗುತ್ತದೆ? ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದವರನ್ನು ಕೇಳಬೇಕು. ಅವರ ದುಡಿಮೆಗಿರುವ ದಾಖಲೆ ಮೇಸ್ತ್ರಿಯ ಜೇಬಿನ ಪುಟ್ಟ ನೋಟುಬುಕ್ಕು ಒಂದೇ. ಮುಂಗಡ ಎಷ್ಟು, ಮುರಿದುಕೊಂಡದ್ದು ಎಷ್ಟು, ಎಲ್ಲವೂ ಅವನು ಹೇಳಿದಷ್ಟು. ಮೇಸ್ತ್ರಿ ಬದಲಾದರೆ ನೋಟುಬುಕ್ಕೂ ಹೋಯಿತು, ಬಾಕಿಯೂ ಹೋಯಿತು.

1996ರಲ್ಲಿ ಕೇಂದ್ರ ಸರಕಾರ ಕಟ್ಟಡ ಕಾರ್ಮಿಕರಿಗಾಗಿ ಎರಡು ಕಾಯ್ದೆಗಳನ್ನು ತಂದಿತು. ನಿರ್ಮಾಣ ವೆಚ್ಚದ ಶೇ. 1ರಷ್ಟು ಸುಂಕ ವಸೂಲಿ ಮಾಡಿ ಆ ಹಣವನ್ನು ಕಾರ್ಮಿಕರ ಕಲ್ಯಾಣಕ್ಕೆ ಬಳಸುವ ವ್ಯವಸ್ಥೆಯಾಯಿತು. ಕರ್ನಾಟಕದ ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕೆಂಬ ಷರತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 90 ದಿನಗಳ ಷರತ್ತು ಮುಂದುವರಿದಿದೆ. ಪಿಂಚಣಿ, ಹೆರಿಗೆ ನೆರವು, ಮಕ್ಕಳ ವಿದ್ಯಾರ್ಥಿವೇತನ ಎಲ್ಲಕ್ಕೂ ಆ ನೋಂದಣಿಯೇ ಬಾಗಿಲು. 300 ದಿನ ದುಡಿದರೂ 90 ದಿನಕ್ಕೆ ಪುರಾವೆ ಇಲ್ಲದವನು ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ. 2018ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದಾಗ ದೇಶದಲ್ಲಿ ಸಂಗ್ರಹವಾಗಿದ್ದ ಸುಂಕ 37,400 ಕೋಟಿ ರೂಪಾಯಿಗೂ ಹೆಚ್ಚು, ಖರ್ಚಾಗಿದ್ದದ್ದು ಸುಮಾರು 9,500 ಕೋಟಿ. ಜಮಾ ಕಡೆ ಲೆಕ್ಕ ಚೆನ್ನಾಗಿತ್ತು, ಖರ್ಚಿನ ಕಡೆ ಕಾರ್ಮಿಕನ ಹೆಸರೇ ಇರಲಿಲ್ಲ. ಮನ್ಸೂರನ ಕಾಲದ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ: ಲೆಕ್ಕ ಯಾರಿಗಾಗಿ?

ಸರಕಾರವನ್ನು ದೂರಿ ಸುಮ್ಮನಾಗುವುದು ಸುಲಭ. ನಮ್ಮ ಜಮಾಅತುಗಳೂ ಮಸೀದಿ, ಮದ್ರಸ, ಶಾದಿಮಹಲುಗಳನ್ನು ಕಟ್ಟಿಸುತ್ತಲೇ ಇರುತ್ತವೆ. ದಾನಿಗಳ ಹೆಸರು ಅಮೃತಶಿಲೆಯ ಮೇಲೆ ಬರುತ್ತದೆ. ಒಳ್ಳೆಯದೇ. ಆದರೆ ಅಡಿಗಲ್ಲು ಇಡುವ ದಿನವೇ ಒಂದು ಹಾಜರಿ ಪುಸ್ತಕವನ್ನೂ ತೆರೆಯಬಾರದೇಕೆ? ಅದರಲ್ಲಿ ಗಂಡಾಳು ಹೆಣ್ಣಾಳು ಎಲ್ಲರ ಹೆಸರು, ಊರು, ದುಡಿದ ದಿನ, ಕೊಟ್ಟ ಕೂಲಿ ಇರಲಿ. ವಾರಕ್ಕೊಮ್ಮೆ ಅವರಿಗೆ ಓದಿ ಹೇಳಿ ಒಂದು ಚೀಟಿ ಕೊಡಲಿ. 90 ದಿನ ತುಂಬಿದವರಿಗೆ ಕಮಿಟಿಯ ಮುದ್ರೆಯೊಂದಿಗೆ ಪ್ರಮಾಣಪತ್ರ ಬರೆದುಕೊಡಲಿ. ಇದಕ್ಕೆ ಬೇಕಾದದ್ದು ಒಂದು ಪುಸ್ತಕ ಮತ್ತು ಬರೆಯಬಲ್ಲ ಒಬ್ಬ ಹುಡುಗ. ಖಾಝಿ ಪದವಿ ಬೇಡವೆಂದ ಇಮಾಮರು ಇಟ್ಟಿಗೆ ಎಣಿಸುವುದನ್ನು ಕೀಳೆಂದು ತಿಳಿಯಲಿಲ್ಲ. ನಮ್ಮ ಕಮಿಟಿಗಳ ಕಾರ್ಯದರ್ಶಿಗಳಿಗೂ ಅದು ಕೀಳೆನಿಸಬೇಕಾಗಿಲ್ಲ.