ಗೋಡೆ ನೋಡುವ ಮೊದಲು ಊರು ನೋಡಿ: ಮುಂಬೈ ಉಪನಗರಗಳ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ನಮ್ಮ ಹಿರಿಯರು. ಮುಂಬೈಯಲ್ಲಿ ಮನೆ ಕಟ್ಟುವ ಭಾಗ್ಯ ನಮ್ಮಂಥವರಿಗಿಲ್ಲ. ಯಾರೋ ಕಟ್ಟಿದ್ದನ್ನು ಕೊಳ್ಳಬೇಕು. ಧಾರವಾಡದಿಂದ ಬಂದು ಏಳು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ನಾವೂ ಆ ಸಾಹಸಕ್ಕೆ ಇಳಿದೆವು. ನಾನು ಸಾಫ್ಟ್‌ವೇರ್‌ನವಳು. ಆದ್ದರಿಂದ ಮೊದಲು ಮಾಡಿದ ಕೆಲಸ ಎಕ್ಸೆಲ್ ಹಾಳೆ ತೆರೆದದ್ದು: ಚದರ ಅಡಿ ದರ, ಕಾರ್ಪೆಟ್ ಏರಿಯಾ, ಕಂತು, ಕಚೇರಿಗೆ ಎಷ್ಟು ನಿಮಿಷ. ಎಲ್ಲ ಲೆಕ್ಕದಲ್ಲೂ ಗೆದ್ದದ್ದು ಕಲ್ಯಾಣದ ಆಚೆಯ ಒಂದು ಹೊಸ ಟವರ್. ಈಜುಕೊಳ, ಜಿಮ್, ‘ಶೀಘ್ರದಲ್ಲೇ’ ಬರಲಿರುವ ರೈಲು ನಿಲ್ದಾಣ.

ಊರಿನಿಂದ ಬಂದಿದ್ದ ಅತ್ತೆಯವರನ್ನೂ ಸ್ಯಾಂಪಲ್ ಫ್ಲ್ಯಾಟ್ ನೋಡಲು ಕರೆದೊಯ್ದೆವು. ಅವರು ಕಿಟಕಿಯಿಂದ ಹೊರಗೆ ನೋಡಿ ಕೇಳಿದರು: “ಮನಿ ಛಲೋ ಐತಿ ಬಿಡವಾ. ಆದ್ರ ಇಲ್ಲಿ ನೀರು ಯಾವಾಗ ಬರ್ತಾವ? ಮದ್ಲ ಇಲ್ಲಿ ಏನಿತ್ತು?” ಮಾರಾಟದ ಹುಡುಗ ನಕ್ಕ. ಉತ್ತರ ನನ್ನಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವ ಮೊದಲು ಆ ಪ್ರಶ್ನೆಗೆ ಉತ್ತರ ಬೇಕು ಅನಿಸಿತು. ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಮುಂಬೈ ಉಪನಗರಗಳ ಇತಿಹಾಸ.

ಈ ನಗರ ಉತ್ತರಕ್ಕೆ ಬೆಳೆಯಲು ದಾರಿ ಮಾಡಿದ್ದು ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ದೂರ 34 ಕಿಲೋಮೀಟರ್. 1860ರಲ್ಲಿ ವಿಹಾರ್ ಕೆರೆಯ ನೀರು ಕೊಳವೆಯಲ್ಲಿ ನಗರಕ್ಕೆ ಬಂತು, 1892ರಲ್ಲಿ ತಾನ್ಸಾ ನೀರು ಸೇರಿತು. ಹಳಿ, ನೀರು ಎರಡೂ ಇದ್ದರೂ ಜನ ಮಾತ್ರ ದಕ್ಷಿಣದ ಗಿಜಿಗುಟ್ಟುವ ಗಲ್ಲಿಗಳನ್ನು ಬಿಟ್ಟು ಬರಲಿಲ್ಲ. ಗಿರಣಿ, ಬಂದರು, ಕಚೇರಿ ಇದ್ದದ್ದು ಅಲ್ಲೇ. ಅನ್ನ ಇದ್ದಲ್ಲಿ ಚಾಳ್.

ಅವರನ್ನು ಎಬ್ಬಿಸಿದ್ದು ಸಾವು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿ ಪ್ರದೇಶದಲ್ಲಿ ಡಾ. ಅಕಾಸಿಯೋ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ರೋಗ ಹಬ್ಬಿತು, ಲಕ್ಷಗಟ್ಟಲೆ ಜನ ನಗರ ಬಿಟ್ಟು ಓಡಿದರು. ಎರಡು ವರ್ಷದ ನಂತರ, 1898ರಲ್ಲಿ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಕಿಕ್ಕಿರಿದ ಕೇರಿಗಳನ್ನು ಕೆಡವಿ ಅಗಲ ರಸ್ತೆ ಹಾಕುವುದು, ಉತ್ತರದಲ್ಲಿ ಹೊಸ ಬಡಾವಣೆ ಮಾಡುವುದು ಅದರ ಕೆಲಸ. ಕೆಡವಿದಷ್ಟು ಬಡವರಿಗೆ ಕಟ್ಟಿಕೊಡಲಿಲ್ಲ ಎಂಬ ದೂರು ಅಂದೂ ಇತ್ತು. ಆದರೆ ದಾದರ್, ಮಾಟುಂಗಾ, ವಡಾಲಾ, ಸಾಯನ್ ಯೋಜನೆಗಳು ಹುಟ್ಟಿದ್ದು ಇದರಿಂದಲೇ. ಗದ್ದೆ, ಜೌಗು, ತೋಟವಾಗಿದ್ದ ನೆಲದಲ್ಲಿ ನಿವೇಶನಗಳು, ಸಾಲುಮರಗಳು, ಫೈವ್ ಗಾರ್ಡನ್ಸ್ ಬಂದವು. ಕಟ್ಟಡ ಎಷ್ಟು ಎತ್ತರ ಇರಬೇಕು, ಎರಡರ ನಡುವೆ ಎಷ್ಟು ಜಾಗ ಬಿಡಬೇಕು ಎಂಬ ನಿಯಮಗಳೂ ಬಂದವು. ಇಂದು ಮಾಟುಂಗಾದಲ್ಲಿ ನಡೆಯುವಾಗ ಮೈಗೆ ತಾಗುವ ತಂಗಾಳಿಯ ಹಿಂದೆ ಪ್ಲೇಗಿನ ನೆನಪು ಇದೆ.

ಹೊಸ ಬಡಾವಣೆಗೆ ಯಾರು ಹೋಗಬೇಕು? ಗೊತ್ತಿಲ್ಲದ ಜಾಗಕ್ಕೆ ಒಬ್ಬರೇ ಹೋಗಲು ಆಗಲೂ ಜನ ಹೆದರುತ್ತಿದ್ದರು. ದಾದರಿನಲ್ಲಿ ಎಂಜಿನಿಯರ್ ಮಂಚೇರ್ಜಿ ಎದುಲ್ಜಿ ಜೋಶಿಯವರು ಟ್ರಸ್ಟಿನ ಮನವೊಲಿಸಿ ಮಧ್ಯಮವರ್ಗದ ಪಾರ್ಸಿಗಳಿಗಾಗಿ 103 ನಿವೇಶನ ಪಡೆದರು. ಅದೇ ದಾದರ್ ಪಾರ್ಸಿ ಕಾಲೊನಿ. ಮಾಟುಂಗಾಕ್ಕೆ ಬಂದವರು ಕಚೇರಿಗಳಲ್ಲಿ ಗುಮಾಸ್ತಿಕೆ, ಟೈಪಿಂಗ್ ಮಾಡುತ್ತಿದ್ದ ದಕ್ಷಿಣ ಭಾರತೀಯರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1932ರಲ್ಲಿ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿ, 1933ರಲ್ಲಿ ಕರ್ನಾಟಕ ಸಂಘ, 1942ರಲ್ಲಿ ರಾಮಾ ನಾಯಕರ ಉಡುಪಿ ಊಟದ ಮನೆ. ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಬಡಾವಣೆ ಊರಾಗುವ ಬಗೆ ಕಾಣುತ್ತದೆ. ಮನೆಗಳ ಜೊತೆಗೆ ಶಾಲೆ, ಸಂಘ, ಊಟ, ಭಾಷೆ ಬರಬೇಕು. ಇಂದಿಗೂ ಕರಿಬೇವು, ಬಾಳೆ ಎಲೆ, ಮಲ್ಲಿಗೆ ಮಾಲೆಗೆ ನಾವು ಮಾಟುಂಗಾಕ್ಕೆ ಹೋಗುತ್ತೇವಲ್ಲವೇ?

ನಮ್ಮ ಕರಾವಳಿಗೆ ಸೇರಿದ ಒಂದು ಅಧ್ಯಾಯ ಇದಕ್ಕೂ ಹಿಂದಿನದು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತು. ಕಾರವಾರ, ಕುಮಟಾ, ಹೊನ್ನಾವರದ ಕಡೆಯಿಂದ ಕಲಿತವರು ಕೆಲಸ ಹುಡುಕಿ ಇಲ್ಲಿಗೆ ಬಂದರು. ಮುಂಬೈಯ ಮನೆ ಬಾಡಿಗೆ ಅವರ ಸಂಬಳವನ್ನು ನುಂಗುತ್ತಿತ್ತು. 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಘವನ್ನು ಆರಂಭಿಸಿದ್ದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಇದಕ್ಕೂ ಸಹಕಾರದ ದಾರಿಯನ್ನೇ ಹುಡುಕಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಜಮೀನು, ಕಟ್ಟಡ ಸಂಘದ್ದು. ಸದಸ್ಯರು ಅಲ್ಲಿ ನೆಮ್ಮದಿಯಿಂದ ಇರಬಹುದು, ಬಾಡಿಗೆ ಏರಿಸುವ ಮಾಲೀಕನಿಲ್ಲ. ಮುಂದೆ ಇದೇ ಮಾದರಿ ಸಾಂತಾಕ್ರೂಜ್‌ನಂಥ ಉಪನಗರಕ್ಕೂ ಹೋಯಿತು. ಇಂದು ನಾವು ತಿಂಗಳ ಮೇಂಟೆನೆನ್ಸ್ ಕಟ್ಟಿ ಬೈಯುವ ‘ಸೊಸೈಟಿ’ಯ ಬೇರು ಅಲ್ಲಿದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ‘ನಮ್ಮವರ ನಡುವೆ’ ಎಂಬ ನೆಮ್ಮದಿ ‘ಹೊರಗಿನವರಿಗೆ ಇಲ್ಲ’ ಎಂಬ ಬಾಗಿಲೂ ಆಗುತ್ತದೆ. ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಬಾಡಿಗೆ ಮನೆ ಹುಡುಕುವಾಗ “ನಿಮ್ಮ ಸರ್‌ನೇಮ್ ಏನು, ನಾನ್‌ವೆಜ್ ಮಾಡ್ತೀರಾ” ಎಂಬ ಪ್ರಶ್ನೆ ಎದುರಿಸಿದವರಿಗೆ ಇದು ಪುಸ್ತಕದ ವಿಷಯವಲ್ಲ. ನಾವು ಮನೆ ಹುಡುಕುವಾಗಲೂ ನೆರೆಹೊರೆ ಬೇಕು, ಕೋಟೆ ಬೇಡ ಎಂದುಕೊಂಡೆವು.

ಸ್ವಾತಂತ್ರ್ಯದ ನಂತರ ನಗರದ ಗಡಿ 1950ರಲ್ಲೂ 1957ರಲ್ಲೂ ವಿಸ್ತರಿಸಿ ದಹಿಸರ್, ಮುಲುಂಡ್‌ವರೆಗೆ ಹೋಯಿತು. ದ್ವೀಪ ತುಂಬಿತು. ಆಗ, 1965ರಲ್ಲಿ, ಮೂವರು ‘ಮಾರ್ಗ್’ ಪತ್ರಿಕೆಯಲ್ಲಿ ಒಂದು ಯೋಚನೆ ಮುಂದಿಟ್ಟರು: ಉತ್ತರಕ್ಕೆ ಉದ್ದುದ್ದ ಬೆಳೆಯುವ ಬದಲು ಖಾರಿಯ ಆಚೆ, ಪೂರ್ವದಲ್ಲಿ, ಹೊಸ ನಗರ ಕಟ್ಟೋಣ. ಚಾರ್ಲ್ಸ್ ಕೊರಿಯಾ, ಶಿರೀಶ್ ಪಟೇಲ್ ಹೆಸರು ಹಲವರಿಗೆ ಗೊತ್ತು. ಮೂರನೆಯವರು ವಾಸ್ತುಶಿಲ್ಪಿ ಪ್ರವೀಣಾ ಮೆಹ್ತಾ ಎಂಬ ಮಹಿಳೆ ಎನ್ನುವುದು ನನಗಂತೂ ಗೊತ್ತಿರಲಿಲ್ಲ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು, 95 ಹಳ್ಳಿಗಳ ಭೂಮಿ ನವಿಮುಂಬೈ ಯೋಜನೆಯೊಳಗೆ ಬಂತು. ಸರಿಯಾದ ಪರಿಹಾರಕ್ಕಾಗಿ ಹೋರಾಡಿದ ರೈತರಲ್ಲಿ ಐವರು 1984ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. “ಮದ್ಲ ಇಲ್ಲಿ ಏನಿತ್ತು” ಎಂಬ ಅತ್ತೆಯ ಪ್ರಶ್ನೆಗೆ ನವಿಮುಂಬೈ ಕೊಡುವ ಉತ್ತರ ಅದು: ಯಾರದೋ ಗದ್ದೆ, ಯಾರದೋ ಉಪ್ಪಿನ ಆಗರ.

ನವಿಮುಂಬೈಯಲ್ಲಿ ಮನೆಗಳು ಮೊದಲು ಬಂದವು, ರೈಲು ತಡವಾಗಿ ಬಂತು. ಠಾಣೆ ಖಾರಿಯ ಸೇತುವೆ 1973ರಲ್ಲಿ ತೆರೆಯಿತು. ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ. ನಡುವೆ ಹತ್ತೊಂಬತ್ತು ವರ್ಷ. ಆ ಕಾಲದಲ್ಲಿ ವಾಶಿಯಲ್ಲಿ ಮನೆ ಮಾಡಿ ಫೋರ್ಟಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನ ದಿನವನ್ನು ಕಲ್ಪಿಸಿಕೊಳ್ಳಿ: ಬಸ್ಸಿಗೆ ಕಾದು ಮನೆ ತಲುಪಿ, ಆಮೇಲೆ ಅಡುಗೆಗೆ ಇಟ್ಟು, ಮಕ್ಕಳ ಪಾಠ ನೋಡಬೇಕು. ಹಳೆಯ ಉಪನಗರಗಳಲ್ಲೂ ಅಷ್ಟೆ. ಮುಂಬೈಯ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಕುರ್ಲಾಕ್ಕೆ ಓಡಿದರೆ, ಚರ್ಚ್‌ಗೇಟ್–ಬೋರಿವಲಿ ಲೇಡೀಸ್ ಸ್ಪೆಷಲ್ ಬಂದದ್ದು 1992ರ ಮೇ 5ರಂದು. ಹೆಂಗಸರ ಅನುಕೂಲ ಯೋಜನೆಯ ಕೊನೆಯ ಪುಟದಲ್ಲಿ ಬರುತ್ತದೆ. ಬ್ರೋಷರಿನ ‘ಶೀಘ್ರದಲ್ಲೇ’ ಎಂಬ ಪದವನ್ನು ನಾನು ಅಂದಿನಿಂದ ನಂಬುವುದನ್ನು ಬಿಟ್ಟೆ.

ಉಳಿದದ್ದು ನೀರಿನ ಪ್ರಶ್ನೆ. ಕುಡಿಯುವ ನೀರು ಮಾತ್ರವಲ್ಲ, ಮಳೆಯ ನೀರೂ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ವಿಹಾರ್, ಪವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಮಾಹಿಮ್ ಖಾರಿಗೆ ಒಯ್ಯುವ ಮೀಠಿ ನದಿಯನ್ನು ಜನ ನಾಲಾ ಎಂದೇ ತಿಳಿದಿದ್ದರು. ಅದರ ದಡದ ಜೌಗನ್ನು ತುಂಬಿ ಕಟ್ಟಿದ್ದರು, ಪಾತ್ರವನ್ನು ಕಿರಿದು ಮಾಡಿದ್ದರು. ಅಂದು ಕುರ್ಲಾ, ಕಾಲಿನಾ ಮುಳುಗಿದವು. ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದಲಾಪುರದ ತಗ್ಗು ಪ್ರದೇಶಗಳೂ ಮುಳುಗಿದವು. ಹಳೆಯ ನಕಾಶೆಯಲ್ಲಿ ನೀಲಿ ಇದ್ದ ಜಾಗಕ್ಕೆ ನೀರು ತಾನಾಗಿಯೇ ದಾರಿ ಕಂಡುಕೊಳ್ಳುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಎಕ್ಸೆಲ್ ಹಾಳೆಗೆ ಹೊಸ ಕಾಲಂಗಳು ಬಂದವು. ರೈಲು ಇಂದು ಓಡುತ್ತಿದೆಯೇ? ನೀರು ಯಾವ ಅಣೆಕಟ್ಟಿನದು, ಟ್ಯಾಂಕರ್ ಎಷ್ಟು ಸಲ ಬರುತ್ತದೆ? 2005ರಲ್ಲಿ ಈ ಗಲ್ಲಿಯಲ್ಲಿ ನೀರು ಎಲ್ಲಿವರೆಗೆ ನಿಂತಿತ್ತು? ರಾತ್ರಿ ಹತ್ತಕ್ಕೆ ಸ್ಟೇಷನ್ನಿನಿಂದ ಮನೆಗೆ ನಾನೊಬ್ಬಳೇ ನಡೆದು ಬರಬಹುದೇ? ಅತ್ತೆಯವರು ಮಾತಾಡಲು ಯಾರಾದರೂ ಇದ್ದಾರೆಯೇ? ಉತ್ತರಕ್ಕಾಗಿ ಏಜೆಂಟನ್ನು ಕೇಳಲಿಲ್ಲ. ಕಿರಾಣಿ ಅಂಗಡಿಯವನು, ಇಸ್ತ್ರಿಯವನು, ವಾಚ್‌ಮನ್, ಮೊದಲ ಮಹಡಿಯ ಅಜ್ಜಿ ಹೇಳಿದರು. ಜುಲೈಯ ಒಂದು ಭಾನುವಾರ ಮಳೆಯಲ್ಲೇ ಹೋಗಿ ನೋಡಿದೆವು.

ಕೊನೆಗೆ ಕೊಂಡದ್ದು ನೆರೂಳಿನ ಹಳೆಯ ಕಟ್ಟಡವೊಂದರಲ್ಲಿ ಚಿಕ್ಕ ಮನೆ. ಈಜುಕೊಳವಿಲ್ಲ, ಲಿಫ್ಟ್ ಇಲ್ಲ. ಆದರೆ ಎರಡನೆಯ ಮಹಡಿ. ನೀರು ನವಿಮುಂಬೈ ಪಾಲಿಕೆಯ ಸ್ವಂತ ಮೊರ್ಬೆ ಅಣೆಕಟ್ಟಿನದು. ಐರೋಲಿಯ ನನ್ನ ಕಚೇರಿಗೆ ಟ್ರಾನ್ಸ್‌ಹಾರ್ಬರ್ ಲೋಕಲ್ ಇದೆ. ಆ ಮಾರ್ಗವೂ 2004ರಿಂದ ಈಚಿನದು. ಮನೆ ನನ್ನ ಹೆಸರಿನಲ್ಲಿದೆ. ಹೆಂಗಸರ ಹೆಸರಿನಲ್ಲಿ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡಾ 1ರ ರಿಯಾಯಿತಿಯನ್ನು ಮಹಾರಾಷ್ಟ್ರ ಸರ್ಕಾರ 2021ರ ಏಪ್ರಿಲ್‌ನಿಂದ ಕೊಡುತ್ತಿದೆ. ಮನೆ ಹುಡುಕುತ್ತಿರುವ ಗೆಳತಿಯರು ಈ ಮಾತನ್ನು ನೆನಪಿಡಿ.

ತಪ್ಪೇ ಆಗಿಲ್ಲ ಎಂದು ಹೇಳಲಾರೆ. ಕಟ್ಟಡ ಹಳೆಯದು, ಮುಂದೆ ರೀಡೆವಲಪ್‌ಮೆಂಟಿನ ಮಾತು ಬಂದಾಗ ಮತ್ತೆ ಚಿಂತೆ ಇದ್ದದ್ದೇ. ಆದರೆ ಮೊನ್ನೆ ಸಂಜೆ ಅತ್ತೆಯವರು ಮಾರುಕಟ್ಟೆಯಿಂದ ಬಂದು, ಸೊಪ್ಪು ಮಾರುವಾಕೆ ವಿಜಯಪುರದ ಕಡೆಯವಳು ಎಂದು ಹೇಳಿದರು. “ನಮ್ಮ ಮಾತು ಬರ್ತೈತಿ ಆಕಿಗೆ. ಇನ್ನ ಇದು ಊರಾತು ಬಿಡವಾ” ಎಂದು ಚೀಲದಿಂದ ಮೆಂತ್ಯದ ಸೊಪ್ಪು ತೆಗೆದು ಬಿಡಿಸಲು ಕೂತರು. ನಾನು ಚಹಾಕ್ಕೆ ನೀರಿಟ್ಟೆ.