ನರಗುಂದದಿಂದ ಗಜೇಂದ್ರಗಡಕ್ಕೆ ಹೆಂಡದ ದಾರಿ

ಬಂದರು ಪಟ್ಟಣಗಳಲ್ಲಿ ಈಗ ಒಂದು ಹೊಸ ಮೋಜು ನಡೆದಿದೆ. ಕೈಗೆ ಒಂದು ನಕಾಶೆ ಕೊಡುತ್ತಾರೆ. ದಾರಿ ತೋರಿಸುವವರು ಬೇಡ, ಮೋಟಾರು ಬೇಡ. ನಿಮ್ಮ ಪಾಡಿಗೆ ನೀವು ನಡೆಯುತ್ತ ಈ ಓಣಿಯ ಬ್ರೂವರಿಯಲ್ಲಿ ಒಂದು ಗ್ಲಾಸು, ಆ ಓಣಿಯ ಬ್ರೂವರಿಯಲ್ಲಿ ಇನ್ನೊಂದು ಗ್ಲಾಸು ಬಿಯರು ಕುಡಿದು, ಅದನ್ನು ಕುದಿಸುವ ಹಂಡೆಗಳನ್ನು ನೋಡಿ ಸಂಜೆ ಕಳೆಯಬಹುದು. ಇದಕ್ಕೆ ಅವರು ಇಡುವ ಹೆಸರು ಸ್ಥಳೀಯ ಕಸುಬು, ಪರಂಪರೆ. ಬೆಂಗಳೂರಿಗೆ ಸಮುದ್ರವಿಲ್ಲ, ಆದರೂ 2011ರಿಂದ ಈಚೆಗೆ ಅಲ್ಲಿಯೂ ಹೋಟೆಲಿನೊಳಗೇ ಬಿಯರು ತಯಾರಿಸುವ ಜಾಗಗಳು ಎದ್ದವು. ಸರಕಾರವೇ ಲೈಸೆನ್ಸು ಕೊಟ್ಟಿದೆ.

ನಮ್ಮ ಕಡೆಗೆ ಅಂಥ ನಕಾಶೆಯನ್ನು ಯಾರೂ ಬರೆದಿಲ್ಲ. ನಾವೇ ಬರೆಯೋಣ. ನರಗುಂದದಿಂದ ಮೂಡಣಕ್ಕೆ ಮುಖ ಮಾಡಿ ಹೊರಟರೆ ನಡುವೆ ರೋಣ, ಕೊನೆಗೆ ಗಜೇಂದ್ರಗಡ. ಎರಡು ತುದಿಗೆ ಎರಡು ಗುಡ್ಡ, ಗುಡ್ಡದ ಮ್ಯಾಲೆ ಕೋಟೆ, ನಡುವೆಲ್ಲ ಎರೆಭೂಮಿ. ಮಳೆಗಾಲದಾಗ ಕಾಲು ಹುಗಿಯುತ್ತವೆ, ಬ್ಯಾಸಿಗ್ಯಾಗ ನೆಲ ಬಾಯಿ ಬಿಟ್ಟಿರುತ್ತದೆ. ನಡೆದರೆ ಎರಡು ಮೂರು ದಿನದ ದಾರಿ. ಗ್ಲಾಸು ಹಿಡಕೊಂಡು ನಿಲ್ಲುವ ಜಾಗ ಒಂದೂ ಇಲ್ಲ. ಆದರೆ ನಮ್ಮ ಗಡಿಗಿಯನ್ನು ನಮ್ಮಿಂದ ಯಾರು ಕಸಗೊಂಡರು, ಕಸಗೊಂಡು ಮತ್ತೆ ನಮಗೇ ಹ್ಯಾಗೆ ಮಾರಿದರು ಅನ್ನುವ ಕತೆ ಈ ದಾರಿಯಲ್ಲಿ ಬಿದ್ದಿದೆ.

ನರಗುಂದ ಅಂದಕೂಡಲೆ ಸಾಲಿ ಮಾಸ್ತರರು ಬಾಬಾಸಾಹೇಬನ ಪಾಠ ತೆಗೆಯುತ್ತಾರೆ. (ನಮ್ಮ ಕೇರಿಯಲ್ಲಿ ಬಾಬಾಸಾಹೇಬ ಅಂದರೆ ಬೇರೆಯವರು, ಅವರ ಮಾತು ಮುಂದೆ ಬರುತ್ತದೆ.) 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್‌ಸನ್ ಸಾಹೇಬನ ತಲೆ ಹೋಯಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಸಂಸ್ಥಾನ ಬ್ರಿಟಿಷರ ಹೊಟ್ಟೆಗೆ ಬಿತ್ತು. ಅದಕ್ಕೂ ಒಂದು ವರ್ಷ ಮೊದಲು ಹತಾರ ಒಪ್ಪಿಸಬೇಕೆಂಬ ಕಾಯ್ದೆ ಬಂದಿತ್ತು, ಹಲಗಲಿಯ ಬೇಡರು ಅದಕ್ಕೆ ತಿರುಗಿಬಿದ್ದು ಸತ್ತಿದ್ದರು. ಇಷ್ಟು ಪಾಠದಲ್ಲಿದೆ. ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಗಲ್ಲು ಆಗಿ ಇಪ್ಪತ್ತು ವರ್ಷಕ್ಕೆ, 1878ರಲ್ಲಿ, ಮುಂಬಯಿ ಸರಕಾರ ಇನ್ನೊಂದು ಕಾಯ್ದೆ ತಂದಿತು. ಅದರ ಹೆಸರು ಅಬಕಾರಿ ಕಾಯ್ದೆ. ಮೊದಲು ಹತಾರ ಕಸಗೊಂಡರು, ಆಮೇಲೆ ಗಡಿಗಿ ಕಸಗೊಂಡರು. ಹತಾರದ ಮೇಲೆ ಲಾವಣಿ ಕಟ್ಟಿದರು. ಗಡಿಗಿಯ ಮೇಲೆ ಯಾರೂ ಕಟ್ಟಲಿಲ್ಲ.

ಆ ಕಾಯ್ದೆಯ ಕೆಲಸ ಸರಳ. ಸೆರೆ ಕಾಸಬೇಕಾದರೆ ಲೈಸೆನ್ಸು. ಮಾರಬೇಕಾದರೆ ಲೈಸೆನ್ಸು. ಹೆಂಡ ಇಳಿಸಬೇಕಾದರೆ ಗಿಡಗಿಡಕ್ಕೂ ತೆರಿಗೆ. ಊರೂರಲ್ಲಿ ಉರಿಯುತ್ತಿದ್ದ ಸಣ್ಣ ಭಟ್ಟಿಗಳನ್ನು ಆರಿಸಿ, ಸರಕಾರ ಒಪ್ಪಿದ ದೊಡ್ಡ ಭಟ್ಟಿಯಲ್ಲಷ್ಟೇ ಕಾಸಬೇಕು. ಅಲ್ಲಿಂದ ಹೊರಗೆ ಬೀಳುವ ಸೆರೆಗೆ ಸುಂಕ ಕಟ್ಟಬೇಕು. ಮಾರುವ ಹಕ್ಕನ್ನು ಲಿಲಾವಿನಲ್ಲಿ ಹಿಡಿಯಬೇಕು. ಲಿಲಾವು ಹಿಡಿಯುವ ರೊಕ್ಕ ಯಾರ ಹತ್ತಿರ ಇತ್ತು? ಗುತ್ತೇದಾರ ಅನ್ನುವ ಹೊಸ ದೊರೆ ಹಾಗೆ ಹುಟ್ಟಿದ. ಮುಂಬಯಿಯಲ್ಲಿ ಉಪ್ಪು, ಸುಂಕ, ಅಬಕಾರಿ ಮೂರೂ ಒಂದೇ ಖಾತೆ, ಒಬ್ಬನೇ ಕಮಿಷನರ್. ಉಪ್ಪಿಗಾಗಿ ದೇಶ ದಂಡಿಗೆ ನಡೆಯಿತು, ಅದು ಎಲ್ಲರಿಗೂ ಗೊತ್ತು. ಅದೇ ಖಾತೆ ಬಡವನ ಹೆಂಡದಿಂದಲೂ ಖಜಾನೆ ತುಂಬುತ್ತಿತ್ತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ನರಗುಂದ ದಾಟಿದರೆ ಬೆಣ್ಣೆಹಳ್ಳದ ಸೀಮೆ. ಹಳ್ಳದ ದಂಡೆ ಈಚಲ ಗಿಡದ ಜಾಗ. ಚಳಿಗಾಲದಲ್ಲಿ ಗಿಡದ ನೆತ್ತಿಯ ಕೆಳಗೆ ಸವರಿ, ಸಂಜೆ ಗಡಿಗಿ ಕಟ್ಟಿದರೆ ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಬೆಳಕು ಹರಿಯುವಾಗ ಇಳಿಸಿದರೆ ಸಿಹಿ. ಗಡಿಗಿಗೆ ಸುಣ್ಣ ಬಳಿದಿದ್ದರೆ ಅದು ನೀರಾ. ಸುಣ್ಣ ಇಲ್ಲದಿದ್ದರೆ ಹಳೆ ಗಡಿಗಿಯಲ್ಲಿ ಇರುವ ಹುಳಿಯೇ ಕೆಲಸ ಮಾಡಿ ಹೊತ್ತೇರುವುದರೊಳಗೆ ಹೆಂಡ. ಕಾಸುವುದಿಲ್ಲ, ಕುದಿಸುವುದಿಲ್ಲ, ಹಂಡೆ ಬೇಡ, ಬಂಡವಾಳ ಬೇಡ. ಬೇಕಾದ್ದು ಗಿಡ ಹತ್ತುವ ಕಾಲು, ಕುಡುಗೋಲು, ಗಿಡ ಸಾಯದ ಹಾಗೆ ಸವರುವ ಕೈಹದ. ಆ ಕೈಹದವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯ ಅನ್ನುವ ಶರಣ ಇದ್ದ. ಹೆಂಡ ಮಾರುವುದೇ ಅವನ ಕಾಯಕ, ವಚನವನ್ನೂ ಬರೆದ. ಹೆಂಡ ಮಾರುವವನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡವರ ಹೆಸರು ಹೇಳಿ ಇವತ್ತು ಮಠ ಕಟ್ಟಿದವರು ಹೆಂಡದ ಕೇರಿಯ ಮುಂದೆ ಹಾಯುವಾಗ ಮೂಗು ಮುಚ್ಚುತ್ತಾರೆ, ಇರಲಿ.

ರೋಣಕ್ಕೆ ಬಂದರೆ ಸುತ್ತೆಲ್ಲ ಬಿಳಿಜೋಳ. ಜೋಳದಿಂದ ನಾವು ರೊಟ್ಟಿ ಬಡಿಯುತ್ತೇವೆ, ನುಚ್ಚು ಮಾಡುತ್ತೇವೆ, ಅಂಬಲಿ ಹುಳಿಸುತ್ತೇವೆ. ಇದೇ ಜೋಳದಿಂದ ಆಫ್ರಿಕದ ಹೆಣ್ಣುಮಕ್ಕಳು ಬಿಯರು ಮಾಡುತ್ತಾರೆ. ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಗಂಜಿ ಕಾಸಿ ಹುಳಿಸುವುದು. ಒಂದು ಕೈ ನಮ್ಮ ಅಂಬಲಿಯೇ, ಇನ್ನೂ ಎರಡು ಹೆಜ್ಜೆ ಮುಂದೆ. ಹಾಗಾಗಿ ರೋಣದ ಜೋಳದ ಹೊಲದಲ್ಲಿ ನಿಂತು ಒಂದು ಬಂದರು ಪಟ್ಟಣವನ್ನು ನೆನೆಯುವುದು ಅಷ್ಟೇನೂ ದೂರದ ಮಾತಲ್ಲ. ಅದು ದಕ್ಷಿಣ ಆಫ್ರಿಕದ ಡರ್ಬನ್.

ಡರ್ಬನ್ನಿನ ಬಂದರಿನಲ್ಲಿ ಮೂಟೆ ಹೊರಲು ಬಂದ ಕರಿಯರಿಗೆ ಕರಿಯ ಹೆಣ್ಣುಮಕ್ಕಳು ಮನೆಯಲ್ಲೇ ಜೋಳದ ಬಿಯರು ಮಾಡಿ ಮಾರುತ್ತಿದ್ದರು. ಗಂಡ ಇಲ್ಲದವಳಿಗೆ, ಹೊಲ ಇಲ್ಲದವಳಿಗೆ ಅದೇ ಅನ್ನ. 1908ರಲ್ಲಿ ಕಾಯ್ದೆ ಬಂತು. 1909ರಿಂದ ನಗರಸಭೆಯೇ ಬಿಯರು ಮಾಡಿ, ನಗರಸಭೆಯೇ ತನ್ನ ಪಡಸಾಲೆಗಳಲ್ಲಿ ಮಾರತೊಡಗಿತು. ಮನೆಯಲ್ಲಿ ಮಾಡಿದವಳಿಗೆ ದಂಡ, ಜೈಲು. ಬಂದ ಲಾಭದಿಂದ ಏನು ಮಾಡಿದರು? ಕರಿಯರನ್ನು ಬೇರೆ ಇಡುವ ವಸತಿ ಕಟ್ಟಿದರು, ಅವರ ಮೇಲೆ ಕಣ್ಣಿಡುವ ಆಡಳಿತ ನಡೆಸಿದರು. ಕುಡಿದವನ ರೊಕ್ಕದಿಂದ ಅವನದೇ ಬೇಡಿ. ಬೇರೆ ಪಟ್ಟಣಗಳು ಇದನ್ನು ನೋಡಿ ಕಲಿತವು, ಅದಕ್ಕೆ ‘ಡರ್ಬನ್ ಪದ್ಧತಿ’ ಅಂತಲೇ ಹೆಸರಾಯಿತು. 1929ರಲ್ಲಿ ಜನ ಆ ಪಡಸಾಲೆಗಳಿಗೆ ಬಹಿಷ್ಕಾರ ಹಾಕಿದರು. 1959ರಲ್ಲಿ ಕೇಟೋ ಮ್ಯಾನರ್ ಕೇರಿಯ ಹೆಣ್ಣುಮಕ್ಕಳು ಒಳಗೆ ನುಗ್ಗಿ ಗಂಡಸರನ್ನು ಹೊರಗೆ ಅಟ್ಟಿ ಬಿಯರು ಚೆಲ್ಲಿದರು. ಹೀಗೆ ಚೆಲ್ಲಿದವರು ಹೆಂಡದ ವೈರಿಗಳಲ್ಲ. ಹೆಂಡ ಮಾಡುವುದು ಅವರದೇ ಕಸುಬು. ಕಸುಬನ್ನು ಕಸಗೊಂಡ ಸರಕಾರ ಅದನ್ನೇ ಅವರ ಗಂಡಂದಿರಿಗೆ ಮಾರಿ ಪಗಾರ ಹೊಡೆಯುತ್ತಿತ್ತು ಅನ್ನುವುದು ಅವರ ಸಿಟ್ಟು.

ಈಗ ನಮ್ಮ ಕೇರಿಗೆ ಬನ್ನಿ. ನಮ್ಮ ಮನೆತನದಲ್ಲಿ ಪದವಿ ಕಂಡವನು ನಾನೇ ಮೊದಲಿಗ. ನನಗಿಂತ ಹಿಂದಿನವರ ಇತಿಹಾಸ ಕಾಗದದಲ್ಲಿಲ್ಲ, ಮಾತಿನಲ್ಲಿದೆ. ನಮ್ಮ ಅಮ್ಮ, ಅಂದರೆ ನಮ್ಮಪ್ಪನ ತಾಯಿ, ಹೇಳುತ್ತಿದ್ದಳು: "ಹಲಗಿ ಬಾರಿಸಿದ್ರ ಸೆರಿ, ಸತ್ತ ದನಾ ಎಳದ್ರ ಸೆರಿ, ಗೌಡ್ರ ಮನಿ ಹೆಣಕ್ಕ ಕುಣಿ ತೋಡಿದ್ರ ಸೆರಿ. ಜ್ವಾಳ ಕೇಳಿದ್ರ ಮಾತ್ರ ನಾಳಿಗಿ ಬಾ ಅಂತಿದ್ರು." ಕೂಲಿಯ ಬದಲು ಕುಡಿತ ಕೊಟ್ಟವರು ಯಾರು, ಆಮೇಲೆ ‘ಆ ಮಂದಿ ಕುಡುಕರು’ ಅಂತ ಅಂದವರು ಯಾರು? ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತವರು.

ಹೀಗಂದಕೂಡಲೆ ಕುಡಿತವನ್ನು ಹೊಗಳಿದೆ ಅಂತ ತಿಳಿಯಬೇಡಿ. ನಮ್ಮ ಹಿರಿಯರಿಗೆ ಇದರ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಜೋತಿಬಾ ಫುಲೆ 1880ರಲ್ಲೇ, ಪುಣೆಯಲ್ಲಿ ಹೆಂಡದಂಗಡಿ ಹೆಚ್ಚುತ್ತಿರುವುದನ್ನು ಎತ್ತಿ ಪುರಸಭೆಗೆ ಪತ್ರ ಬರೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಜನರಿಂದ ಹೇಳಿಸಿದ 22 ಪ್ರತಿಜ್ಞೆಗಳಲ್ಲಿ ಕುಡಿಯುವುದಿಲ್ಲ ಅನ್ನುವುದೂ ಒಂದು. ಅವರು ಆ ಮಾತು ಹೇಳಿದ್ದು ಕೇರಿಯ ಒಳಗೆ ನಿಂತು. ಕಟ್ಟೆಯ ಮೇಲೆ ಕೂತು ಹೇಳುವುದಕ್ಕೂ ಅದಕ್ಕೂ ಅಜಗಜಾಂತರ.

ಗಜೇಂದ್ರಗಡದ ಗುಡ್ಡ ಕಾಣಿಸುವ ಹೊತ್ತಿಗೆ ದಾರಿ ಒಂದು ಗಡಿಗೆ ಬಂದು ಮುಟ್ಟುತ್ತದೆ. ಈಗ ಆಚೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ. ಆಗ ಅದು ನಿಜಾಮನ ರಾಜ್ಯ. ಈಚೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ನಿಜಾಮನ ಬೊಕ್ಕಸಕ್ಕೆ ಶೇಂದಿ, ಸೆರೆಯ ಹುಟ್ಟುವಳಿ ಬಹಳ ದೊಡ್ಡದು. 1947-48ರ ವಿಮೋಚನಾ ಹೋರಾಟದಲ್ಲಿ ಗಡಿಯ ಈಚೆ ಗಜೇಂದ್ರಗಡದಲ್ಲಿ ಶಿಬಿರ ಇತ್ತು. ಆ ಹೋರಾಟದ ಒಂದು ಕಾರ್ಯಕ್ರಮವೇ ನಿಜಾಮನ ಸೀಮೆಯ ಶೇಂದಿ ಗಿಡ ಕಡಿಯುವುದು. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಈಚಲ ಗಿಡ ಕಡಿದು ಎಸ್. ನಿಜಲಿಂಗಪ್ಪನವರು ಜೈಲಿಗೆ ಹೋಗಿದ್ದರು. ದೊರೆಯ ಆದಾಯಕ್ಕೆ ಕೊಡಲಿ ಹಾಕಿದ್ದು ಸರಿಯೇ. ಆದರೆ ಆ ಗಿಡ ಹತ್ತಿ ಹೊಟ್ಟೆ ಹೊರೆಯುತ್ತಿದ್ದವನು ಮರುದಿನ ಏನು ತಿಂದ ಅಂತ ಆ ಇತಿಹಾಸ ಬರೆದವರು ಕೇಳಲಿಲ್ಲ.

ಸ್ವಾತಂತ್ರ್ಯ ಬಂತು. ಮುಂಬಯಿ ಸರಕಾರದ ಮಂತ್ರಿ ಮೊರಾರ್ಜಿ ದೇಸಾಯಿಯವರು ಪಾನನಿರೋಧದ ಹಟ ಹಿಡಿದರು. 1949ರಲ್ಲಿ ಕಾಯ್ದೆಯಾಗಿ 1950ರಿಂದ ನರಗುಂದ, ರೋಣ, ಗಜೇಂದ್ರಗಡ ಎಲ್ಲ ‘ಒಣ’ ಊರು. ಗಡಿಯ ಆಚೆ ಹೈದರಾಬಾದ್ ರಾಜ್ಯ ‘ಹಸಿ’. ಗಜೇಂದ್ರಗಡದಿಂದ ಮೂಡಣಕ್ಕೆ ಕೆಲವು ಮೈಲು ನಡೆದರೆ ಅಪರಾಧ ಹೋಗಿ ಸರಕಾರಿ ಹುಟ್ಟುವಳಿ ಆಗುತ್ತಿತ್ತು. ಅದೇ ಗಂಟಲು, ಅದೇ ಸೆರೆ. 1956ರ ನವೆಂಬರ್ 1ಕ್ಕೆ ಎರಡೂ ಕಡೆ ಒಂದೇ ರಾಜ್ಯವಾದ ಮೇಲೂ ಗೆರೆ ಅಳಿಯಲಿಲ್ಲ: ಮುಂಬಯಿಯಿಂದ ಬಂದ ಜಿಲ್ಲೆಗಳು ಒಣ, ಹೈದರಾಬಾದಿನಿಂದ ಬಂದವು ಹಸಿ. ಒಣ ಊರಿನಲ್ಲೂ ಉಳ್ಳವನಿಗೆ ಪರ್ಮಿಟ್ ಸಿಗುತ್ತಿತ್ತು, ಆರೋಗ್ಯಕ್ಕೆ ಬೇಕು ಅಂತ ಡಾಕ್ಟರು ಚೀಟಿ ಬರೆದರೆ ಸಾಕು. ಕೇರಿಯ ಮನುಷ್ಯನ ಆರೋಗ್ಯಕ್ಕೆ ಯಾವ ಡಾಕ್ಟರೂ ಚೀಟಿ ಬರೆಯಲಿಲ್ಲ. ಅವನ ಪಾಲಿಗೆ ಕಳ್ಳಭಟ್ಟಿ, ಫೌಜದಾರನ ಲಾಠಿ, ಹಫ್ತೆ. 1967ರಲ್ಲಿ ಮೈಸೂರು ರಾಜ್ಯ ಪಾನನಿರೋಧ ಕೈಬಿಟ್ಟಾಗ ಮುಖ್ಯಮಂತ್ರಿ ಯಾರು? ತುರುವನೂರಿನಲ್ಲಿ ಗಿಡ ಕಡಿದ ಅದೇ ನಿಜಲಿಂಗಪ್ಪನವರು.

ಅಲ್ಲಿಂದ ಮುಂದೆ ಸಾರಾಯಿ ಕಾಲ. ಸಕ್ಕರೆ ಕಾರಖಾನೆಯ ಕಾಕಂಬಿಯಿಂದ ಸ್ಪಿರಿಟು, ಸ್ಪಿರಿಟಿಗೆ ನೀರು, ನೀರಿಗೆ ಲಿಲಾವು. ಹಳ್ಳದ ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಟಲಿ ಹೋಗಿ ಪಾಕೀಟು ಬಂತು, ಕಿಸೆಯಲ್ಲಿ ಹಿಡಿಸುವಂಥದು, ಹಲ್ಲಿನಿಂದ ಹರಿದು ಬಾಯಿಗೆ ಸುರಿಯುವಂಥದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಒಂದು ವರ್ಷ ಹಿಂದೆ, 1980ರ ಜುಲೈ 21ರಂದು, ಮಲಪ್ರಭೆಯ ನೀರಿನ ಕರದ ವಿರುದ್ಧ ನರಗುಂದದ ರೈತರು ಎದ್ದಿದ್ದರು; ಗೋಲೀಬಾರಾಯಿತು; ಇವತ್ತಿಗೂ ವರ್ಷವರ್ಷ ಹುತಾತ್ಮ ದಿನ ಆಗುತ್ತದೆ, ಆಗಲೇಬೇಕು. ಹೊಲ ಇದ್ದವರ ಮೇಲೆ ಬಿದ್ದ ಕರ ಅದು. ಹೊಲ ಇಲ್ಲದವರ ಮೇಲೆ ಪಾಕೀಟಿನ ಒಳಗಿನಿಂದ ಬೀಳುತ್ತಿದ್ದ ಕರಕ್ಕೆ ಯಾವ ಗುಂಡೂ ಹಾರಲಿಲ್ಲ, ಯಾಕೆಂದರೆ ಅದು ಕರ ಅಂತ ಯಾರಿಗೂ ಅನಿಸಲಿಲ್ಲ.

ಅನಿಸಿದ್ದು ದಲಿತ ಸಂಘರ್ಷ ಸಮಿತಿಗೆ. ಪ್ರೊ. ಬಿ. ಕೃಷ್ಣಪ್ಪ ಮತ್ತು ಗೆಳೆಯರು ಕಟ್ಟಿದ ಸಮಿತಿ 80ರ ದಶಕದಲ್ಲಿ ಕೂಗಿದ್ದು: "ಹೆಂಡ ಬೇಡ, ಹೋಬಳಿಗೊಂದು ವಸತಿ ಶಾಲೆ ಬೇಕು." ಇದರ ಒಳಗಿರುವ ಲೆಕ್ಕ ನೋಡಿ. ಕುಡಿಯಬೇಡಿ ಅಂತ ಬುದ್ಧಿ ಹೇಳುವ ಮಾತಲ್ಲ. ನಮ್ಮಿಂದ ಎತ್ತಿದ ರೊಕ್ಕ ಎಲ್ಲಿ ಹೋಯಿತು, ನಮ್ಮ ಮಕ್ಕಳ ಸಾಲಿಗೆ ಯಾಕೆ ಬರಲಿಲ್ಲ ಅನ್ನುವ ಮಾತು. 1976ರ ಜೂನ್‌ನಲ್ಲಿ ಆಫ್ರಿಕದ ಸೋವೆಟೋದಲ್ಲಿ ಸಾಲಿ ಹುಡುಗರು ಬಿಯರ್ ಪಡಸಾಲೆಗಳಿಗೆ ಬೆಂಕಿ ಹಚ್ಚಿದಾಗಲೂ ಮದ್ಯ ಕಡಿಮೆ ಮಾಡಿ, ಒಳ್ಳೆಯ ಶಿಕ್ಷಣ ಕೊಡಿ ಅನ್ನುವ ಅರ್ಥದ ಫಲಕಗಳು ಕೈಯಲ್ಲಿದ್ದವು. ಅವರ ಮಾತಿಗೂ ನಮ್ಮ ಮಾತಿಗೂ ನಡುವೆ ಒಂದು ಸಮುದ್ರ. ಹಸಿವು ಒಂದೇ ಆದಲ್ಲಿ ಘೋಷಣೆಯೂ ಒಂದೇ ಆಗುತ್ತದೆಯೋ ಏನೋ.

90ರ ದಶಕದಲ್ಲಿ ವಸತಿ ಶಾಲೆಗಳು ಬಂದವು. ನನ್ನಂಥವರು ಎರಡು ಅಕ್ಷರ ಕಲಿತದ್ದು ಅಲ್ಲಿಯೇ. ಸರಕಾರ ಆ ಶಾಲೆಗಳಿಗೆ ಇಟ್ಟ ಹೆಸರು ಮೊರಾರ್ಜಿ ದೇಸಾಯಿ ವಸತಿ ಶಾಲೆ. ಹೆಂಡ ನಿಲ್ಲಿಸಲು ಹೋಗಿ ನಮ್ಮವರನ್ನು ಜೈಲಿಗೆ ಕಳಿಸಿದ ಕಾಯ್ದೆಯ ಮಂತ್ರಿಯ ಹೆಸರು! ಹೆಸರು ಆರಿಸಿದವರಿಗೆ ಈ ಇತಿಹಾಸ ನೆನಪಿತ್ತೋ ಇಲ್ಲವೋ, ನನಗಂತೂ ಬೋರ್ಡು ಕಂಡಾಗಲೆಲ್ಲ ನಗು ಬರುತ್ತದೆ. ಕೃಷ್ಣಪ್ಪನವರ ಹೆಸರು ಆ ಬೋರ್ಡಿಗೆ ಹೊಂದುತ್ತಿತ್ತು.

2007ರ ಜುಲೈ 1ರಿಂದ ಸಾರಾಯಿ ಬಂದಾಯಿತು. ಹೆಣ್ಣುಮಕ್ಕಳು ನಿಟ್ಟುಸಿರು ಬಿಡುವುದರೊಳಗೆ ಅದೇ ಅಂಗಡಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು. ಕುಡಿಯುವವನ ಖರ್ಚು ಹೆಚ್ಚಿತು, ಅಷ್ಟೇ. ರಾಜ್ಯದ ಅಬಕಾರಿ ಹುಟ್ಟುವಳಿ 2023-24ರಲ್ಲಿ 30 ಸಾವಿರ ಕೋಟಿ ರೂಪಾಯಿ ದಾಟಿದೆ. 1878ರ ಕಮಿಷನರ್ ಸಾಹೇಬನಿಗೆ ಕನಸಿನಲ್ಲೂ ಬಾರದ ಅಂಕಿ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಹಂಡೆ ಇಟ್ಟವನಿಗೆ ಅದು ಕಲೆ. ಬೆಣ್ಣೆಹಳ್ಳದ ದಂಡೆಯಲ್ಲಿ ಗಡಿಗಿ ಕಟ್ಟಿದರೆ ಅದು ಕೇಸು.

ಮತ್ತೆ ಪಾನನಿರೋಧ ತರಬೇಕೇ? 1950ರಿಂದ 1967ರ ಕತೆ ಕೇಳಿ ಬೆಳೆದ ನನಗೆ ಆ ಧೈರ್ಯ ಇಲ್ಲ. ಕಾಯ್ದೆ ಬಂದರೆ ಮೊದಲು ಬಾಗಿಲು ಬಡಿಸಿಕೊಳ್ಳುವುದು ನಮ್ಮ ಗುಡಿಸಲು. ಆದರೆ 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಹೆಣ್ಣುಮಕ್ಕಳ ಮಾತಿಗೆ ನನ್ನ ಹತ್ತಿರ ಉತ್ತರವೂ ಇಲ್ಲ. ಸಾವಿರಾರು ಮಂದಿ, ಬಹಳಷ್ಟು ಜನ ಕೂಲಿ ಮಾಡುವವರು, 200 ಕಿಲೋಮೀಟರಿಗೂ ಮೇಲೆ ನಡೆದರು. ದಾರಿಯಲ್ಲಿ ಒಬ್ಬಾಕೆ ಅಪಘಾತದಲ್ಲಿ ತೀರಿಕೊಂಡಳು. ಉಳಿದವರು ನಿಲ್ಲಲಿಲ್ಲ. ಅವರ ಬೇಡಿಕೆಗಳಲ್ಲಿ ಊರಿಗೆ ಅಂಗಡಿ ಬೇಕೋ ಬೇಡವೋ ಅನ್ನುವುದನ್ನು ಗ್ರಾಮಸಭೆ ತೀರ್ಮಾನಿಸಬೇಕು ಅನ್ನುವುದೂ ಇತ್ತು. ಹನ್ನೆರಡನೆಯ ದಿನ, ಜನವರಿ 30ಕ್ಕೆ, ಬೆಂಗಳೂರು ಮುಟ್ಟಿದರು. ನಿಮ್ಮೂರ ಗ್ರಾಮಸಭೆ ಈ ಸಲ ಯಾವಾಗ ಕೂಡುತ್ತದೆ, ಅಂಗಡಿಯ ಮಾತು ಅಲ್ಲಿ ಬರುತ್ತದೆಯೇ, ಹೆಣ್ಣುಮಕ್ಕಳಿಗೆ ಕುರ್ಚಿ ಹಾಕಿರುತ್ತಾರೆಯೇ, ಹೋಗಿ ನೋಡಿ ಬನ್ನಿ.