ಬಳೆಯಂಥ ಗಡಿಯಾರ

ಶಿಡ್ಲಘಟ್ಟದ ಕಡೆ ಬಹಳ ವರ್ಷ ವಾಚು ಎಂದರೆ ಎಚ್.ಎಂ.ಟಿ. ಬೆಂಗಳೂರಿನದು, ಅಂದರೆ ನಮ್ಮದೇ ಎಂಬ ಸಲಿಗೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅಲ್ಲಿ ಕೈಗಡಿಯಾರದ ಕಾರ್ಖಾನೆ ಶುರುವಾಗಿತ್ತು. ರೇಷ್ಮೆಗೂಡಿಗೆ ಒಳ್ಳೆ ರೇಟು ಸಿಕ್ಕ ವರ್ಷ ಮನೆಗೊಂದು 'ಜನತಾ' ಬರುತ್ತಿತ್ತು, ಅಳಿಯನಿಗೆ ಇನ್ನೊಂದು. ಹೆಂಗಸರ ಸರದಿ ಕೊನೆಗೆ. ನನಗೆ ಸಿಕ್ಕಿದ್ದು ಪಿಯುಸಿ ಪಾಸಾದ ಮೇಲೆ. ದಿನಾ ಬೆಳಿಗ್ಗೆ ಕೀಲಿ ಕೊಡಬೇಕು. ಬೆವರಿಗೆ ಬೆಲ್ಟು ನಾರುತ್ತಿತ್ತು, ಹರಿಯುತ್ತಿತ್ತು; ರಿಪೇರಿಯವರು ಎರಡು ಕಡ್ಡಿ ಕಿತ್ತು ಬೇರೆ ಬೆಲ್ಟು ಹಾಕಿಕೊಟ್ಟರೆ ಮುಗಿಯಿತು. ನಾಲ್ಕು ಬೆಲ್ಟು ಹೋದವು, ವಾಚು ಹೋಗಲಿಲ್ಲ.

1984ರಲ್ಲಿ ಟೈಟನ್ ಹುಟ್ಟಿತು, ಕಾರ್ಖಾನೆ ಹೊಸೂರಿನಲ್ಲಿ. ಅದರ ಕ್ವಾರ್ಟ್ಸ್ ವಾಚುಗಳಿಗೆ ಕೀಲಿಯ ಹಂಗಿಲ್ಲ. ಹೊನ್ನಿನ ಬಣ್ಣದ ಚೈನು ಹೊತ್ತು ಬಂದ ಅವು ಹೆಂಗಸರ ಕೈಗೆ ಒಡವೆಯಾದವು. 2016ರಲ್ಲಿ ಎಚ್.ಎಂ.ಟಿ. ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಈಗ ಚಿಂತಾಮಣಿಯ ಬ್ಯಾಂಕಿನಲ್ಲಿರುವ ನನ್ನ ಮಗಳು ಕೂಡಿಟ್ಟ ದುಡ್ಡಿನಲ್ಲಿ ಕೊಳ್ಳಲು ಹೊರಟಿರುವುದು ಬೇರೆಯೇ ಜಾತಿಯದು. ಇದರಲ್ಲಿ ಚೈನು ಮತ್ತು ಗಡಿಯಾರ ಬೇರೆಬೇರೆಯಲ್ಲ. ಡಬ್ಬಿಯ ಅಂಚೇ ಇಳಿದು ಕೊಂಡಿಯಾಗಿ ಕೈ ಸುತ್ತುತ್ತದೆ. ಇದರ ಮೂಲ ಸ್ವಿಟ್ಜರ್ಲೆಂಡ್. 1972ರಲ್ಲಿ ಆಡೆಮಾರ್ಸ್ ಪಿಗೆ ಕಂಪನಿಗೆ ಜೆರಾಲ್ಡ್ ಜೆಂಟಾ ಎಂಬಾತ 'ರಾಯಲ್ ಓಕ್' ಎಂಬ ಎಂಟು ಮೂಲೆಯ ಸ್ಟೀಲ್ ವಾಚನ್ನು ರೂಪಿಸಿದ. ಸ್ಟೀಲಿಗೆ ಚಿನ್ನದ ವಾಚುಗಳನ್ನೂ ಮೀರಿಸುವ ಬೆಲೆ! ನಮ್ಮಜ್ಜಿ ಕೇಳಿದ್ದರೆ ಪಾತ್ರೆ ಅಂಗಡಿಯವನಿಗೂ ಇಷ್ಟು ಧೈರ್ಯವಿಲ್ಲ ಎನ್ನುತ್ತಿದ್ದಳು. ಆದರೂ ಆ ಮಾದರಿ ಗೆದ್ದಿತು. ಟಿಸೋ ಕಂಪನಿ 1978ರಲ್ಲಿ ಅಂಥದ್ದೇ ಒಂದನ್ನು ತಂದಿತ್ತು; 2021ರಲ್ಲಿ 'ಪಿಆರ್‌ಎಕ್ಸ್' ಎಂದು ಮತ್ತೆ ಹೊರಟಿತು. ಮಗಳ ಮೊದಲ ಆಯ್ಕೆ ಅದರ ಕ್ವಾರ್ಟ್ಸ್. ಎರಡನೆಯದು ಸಿಟಿಜನ್‌ನ 'ತ್ಸುಯೋಸಾ', ನನ್ನ ಹಳೆಯ ಎಚ್.ಎಂ.ಟಿ.ಯ ತವರುಮನೆಯದು. ಅದಕ್ಕೇ ನನ್ನ ಮನಸ್ಸು ಆ ಕಡೆ ವಾಲಿತ್ತು.

ತ್ಸುಯೋಸಾ ಕೈಯಾಡಿದಂತೆ ತಾನೇ ಕೀಲಿ ತುಂಬಿಕೊಳ್ಳುತ್ತದೆ. ಬೆನ್ನಿನ ಗಾಜಿನಲ್ಲಿ ಯಂತ್ರ ಓಡುವುದು ಕಾಣುತ್ತದೆ, ನೋಡುತ್ತ ಕೂರಬಹುದು. ಆದರೆ ಬಿಚ್ಚಿಟ್ಟರೆ ಸುಮಾರು 40 ಗಂಟೆಗೆ ನಿಲ್ಲುತ್ತದೆ. ಬ್ಯಾಂಕಿಗೆ ರಜೆಯಿರುವ ಶನಿವಾರ ಬಂತೆಂದರೆ ಶುಕ್ರವಾರ ರಾತ್ರಿ ಬಿಚ್ಚಿದ್ದು ಸೋಮವಾರ ಬೆಳಿಗ್ಗೆ ಸತ್ತಿರುತ್ತದೆ. ಬಸ್ಸಿಗೆ ಓಡುವ ಹೊತ್ತಿನಲ್ಲಿ ತಾರೀಖು ತಿರುಗಿಸುತ್ತ ನಿಲ್ಲಬೇಕು. ಪಿಆರ್‌ಎಕ್ಸ್ ಕ್ವಾರ್ಟ್ಸ್‌ಗೆ ಆ ಗೋಳಿಲ್ಲ, ಕೆಲವು ವರ್ಷಕ್ಕೊಮ್ಮೆ ಸೆಲ್ಲು ಹಾಕಿಸಿದರಾಯಿತು. ನೀರು ತಡೆಯುವ ಗುರುತು ಅದರಲ್ಲಿ 100 ಮೀಟರು, ಸಿಟಿಜನ್‌ನದರಲ್ಲಿ 50. ದಿನದ ಕೈತೊಳೆತಕ್ಕೆ ಎರಡೂ ಸಾಕು. ಬಿಸಿನೀರು ಮಾತ್ರ ಯಾವುದಕ್ಕೂ ಆಗದು, ಒಳಗಿನ ರಬ್ಬರು ಸೊರಗುತ್ತದೆ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವ ನಮ್ಮೂರಿನ ಹೆಂಗಸರು ಬರಿಗೈಯಲ್ಲೇ ಕೂರುವುದು ವಾಚಿನ ದೃಷ್ಟಿಯಿಂದಲೂ ಸರಿಯೇ.

ನನ್ನ ಮನಸ್ಸು ತಿರುಗಿಸಿದ್ದು ಅಳತೆ. 2-4ರ ಬಳೆ ತೊಡುವ ಕೈ ಅವಳದು. ಈ ಜಾತಿಯ ವಾಚುಗಳಲ್ಲಿ ಮೊದಲ ಕೊಂಡಿ ಚೆನ್ನಾಗಿ ಮಡಿಚದೆ ಬದಿಗೆ ಚಾಚಿಕೊಂಡಿರುತ್ತದೆ. ಹಾಗಾಗಿ ಡಬ್ಬಿಯ ಅಗಲ ಓದಿಕೊಂಡರೆ ಸಾಲದು, ಮಣಿಕಟ್ಟಿನ ಆಚೆ ನಿಲ್ಲುತ್ತದೆಯೇ ಎಂದು ತೊಟ್ಟೇ ನೋಡಬೇಕು. ಅವಳು ಆರಿಸಿದ್ದ ತ್ಸುಯೋಸಾ 40 ಮಿಲಿಮೀಟರಿನದು. ಬೆಂಗಳೂರಿನ ಅಂಗಡಿಯಲ್ಲಿ ತೊಡಿಸಿದಾಗ ಅಪ್ಪನ ಕೈಯಿಂದ ಬಿಚ್ಚಿಕೊಂಡಂತಿತ್ತು. ಪಿಆರ್‌ಎಕ್ಸ್ 35ರಲ್ಲೂ ಇದೆ. ಅದು ಬಳೆಯ ಹಾಗೆ ಕೂತಿತು.

ಬೆಲ್ಟಿನ ಪ್ರಶ್ನೆ ಉಳಿಯಿತು. ಈ ಚೈನು ಮುರಿದರೆ ಬಸ್ ಸ್ಟ್ಯಾಂಡಿನ ಪಕ್ಕ ಸಿಗುವ ಯಾವುದೂ ಹೊಂದುವುದಿಲ್ಲ, ಕಂಪನಿಯಿಂದಲೇ ತರಿಸಬೇಕು. ಅದಕ್ಕೇ ಕೈಗೆ ಸರಿಮಾಡಲು ತೆಗೆದ ಮೂರು ಕೊಂಡಿಗಳನ್ನೂ ಪುಟ್ಟ ಕಡ್ಡಿಗಳನ್ನೂ ಕೇಳಿ ಪಡೆದು, ಗ್ಯಾರಂಟಿ ಕಾರ್ಡಿನ ಜೊತೆ ಬೀರುವಿನಲ್ಲಿ ಒಡವೆ ಡಬ್ಬಿಯೊಳಗೆ ಇಡಿಸಿದ್ದೇನೆ.